ಚಪ್ಪಲಿ ಕಾಲಿಗೆ, ಕಪಾಟಿಗಲ್ಲ

"ಇದೇ ಕೊನೇ ಜೋಡಿ, ಇನ್ನ ಸಿಗೂದಿಲ್ಲರಿ" ಎಂದು ಯಾರಾದರೂ ಕೊಲ್ಹಾಪುರಿ ಚಪ್ಪಲಿಗೆ ಮೂರುಪಟ್ಟು ಬೆಲೆ ಹೇಳಿದರೆ ತುಸು ತಡೆಯಿರಿ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಗದ್ದಲವೆದ್ದ ಮೇಲೆ, ನಮ್ಮವರಿಂದಲೇ 2,000 ಜೋಡಿ ಮಾಡಿಸಿ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ಅದು ಹೆಸರಿನ ಬೆಲೆ. ಅದನ್ನು ಕೇಳಿ ಅಥಣಿ, ನಿಪ್ಪಾಣಿ ಪೇಟೆಯಲ್ಲಿ 'ಅಪರೂಪದ' ಜೋಡಿ ಕೊಂಡು ಕೂಡಿಡಲು ಹೋಗಬೇಡಿ.

ಕೂಡಿಟ್ಟಷ್ಟೂ ಬೆಲೆ ಏರಲು ಚಪ್ಪಲಿಯೇನು ವೈನ್ ಅಲ್ಲ. ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ನೆಲಮಾಳಿಗೆಯಲ್ಲಿ ಮಾಗುತ್ತದೆ. ಜನ ಕುಡಿದಂತೆಲ್ಲ ಬಾಟಲಿ ಕಡಿಮೆಯಾಗಿ ಬೆಲೆ ಏರುತ್ತದೆ. ಚಪ್ಪಲಿಯ ತೊಗಲು ಹಾಗಲ್ಲ, ಮೂಲೆಯಲ್ಲಿಟ್ಟರೆ ಒಣಗಿ ಬಿರುಸಾಗುತ್ತದೆ.

'ಕೊಲ್ಹಾಪುರದಿಂದಲೇ ಬಂದದ್ದು' ಎಂಬ ಮಾತಿಗೂ ಹೆಚ್ಚು ಹಣ ಕೊಡಬೇಕಿಲ್ಲ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಇದ್ದಂತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಇದೆ. ಅಥಣಿಯಲ್ಲಿ ಹೊಲಿದದ್ದೂ ಅಸಲಿಯೇ.

ಕೊಳ್ಳುವಾಗ ಅಟ್ಟೆ ತಿರುಗಿಸಿ ನೋಡಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ತೊಗಲೋ, ನಡುವೆ ರಟ್ಟು ತುರುಕಿದ ರೆಕ್ಸಿನ್ನೋ ಎಂದು ಕೇಳಿ. ಹೊಲಿಗೆ ಕೈಯದ್ದೋ ನೋಡಿ. ಮಳೆಗಾಲದಲ್ಲಿ ಹೊರಗೆ ಹಾಕಬೇಡಿ, ಆಗಾಗ ಎಣ್ಣೆ ಸವರಿ. ಸಾಧ್ಯವಾದರೆ ಮಾಡಿದವರ ಕೈಯಿಂದಲೇ, ಇಲ್ಲವೇ ಕರ್ನಾಟಕದ ಸರ್ಕಾರಿ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನ ಮಳಿಗೆಯಲ್ಲಿ ಕೊಳ್ಳಿ. ಮಾಡಿದವರ ಹತ್ತಿರ ಮಾತ್ರ ಐವತ್ತು ರೂಪಾಯಿಗೆ ಚೌಕಾಶಿ ಮಾಡಬೇಡಿ.