ಪಿತ್ತನಾಳದ ತೂಬು

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿಯೂ ಕೆರೆ, ಏರಿ, ತೂಬುಗಳನ್ನು ಕಾಣದ ವಿದ್ಯಾರ್ಥಿಗಳು ವಿರಳ. ಒಳಹರಿವು ನಿಲ್ಲದಿರುವಾಗ ತೂಬು ಮುಚ್ಚಿಹೋದರೆ ಏರಿಯ ಮೇಲೆ ಒತ್ತಡ ಹೆಚ್ಚುವುದು. ನಮ್ಮ ದೇಹದಲ್ಲಿಯೂ ಇಂಥದೊಂದು ತೂಬುಂಟು.

ಯಕೃತ್ತು ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಕೊಬ್ಬಿನ ಜೀರ್ಣಕ್ಕೆ ಅವಶ್ಯವಾದ ಈ ರಸವು ಪಿತ್ತನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತದೆ. ಪಿತ್ತಕೋಶದಲ್ಲಿ ಹುಟ್ಟಿದ ಕಲ್ಲೊಂದು ಜಾರಿಬಂದು ನಾಳದಲ್ಲಿ ಸಿಕ್ಕಿಕೊಂಡರೆ ರಸದ ಹರಿವು ನಿಲ್ಲುವುದು. ನಿಂತ ರಸದಲ್ಲಿ ಬ್ಯಾಕ್ಟೀರಿಯಗಳು ವೃದ್ಧಿಹೊಂದುವುವು. ಒತ್ತಡ ಏರಿದಂತೆ ಅವು ಹಿಮ್ಮುಖವಾಗಿ ರಕ್ತವನ್ನು ಸೇರುವುವು. ಇದೇ ಪಿತ್ತನಾಳದ ತೀವ್ರ ಸೋಂಕು.

ಚಳಿಜ್ವರ, ಹೊಟ್ಟೆಯ ಬಲಮೇಲ್ಭಾಗದ ನೋವು, ಕಾಮಾಲೆ: ಈ ಮೂರು ಲಕ್ಷಣಗಳನ್ನು ಫ್ರಾನ್ಸಿನ ವೈದ್ಯ ಶಾರ್ಕೊ 1877ರಲ್ಲಿ ಒಟ್ಟಾಗಿ ವಿವರಿಸಿದನು. ಎಲ್ಲ ರೋಗಿಗಳಲ್ಲಿಯೂ ಮೂರೂ ಕಾಣಲೇಬೇಕೆಂದಿಲ್ಲ. ಇವುಗಳೊಡನೆ ಬುದ್ಧಿ ಮಂಕಾಗಿ ರಕ್ತದೊತ್ತಡ ಕುಸಿದರೆ ಪ್ರಾಣಾಪಾಯ ಸಮೀಪಿಸಿದೆಯೆಂದೇ ತಿಳಿಯಬೇಕು.

ರಕ್ತನಾಳದ ಮೂಲಕ ದ್ರವವನ್ನೂ ಆಂಟಿಬಯಾಟಿಕ್ ಔಷಧವನ್ನೂ ಕೊಡುವುದು ಮೊದಲ ಚಿಕಿತ್ಸೆ. ಆದರೆ ಒತ್ತಡದಿಂದ ಕಟ್ಟಿಕೊಂಡ ನಾಳದೊಳಕ್ಕೆ ಔಷಧವು ಸಾಕಷ್ಟು ಇಳಿಯದು. ದಾರಿಯನ್ನು ತೆರೆಯಲೇಬೇಕು. ಹಿಂದೆ ಇದಕ್ಕಾಗಿ ಹೊಟ್ಟೆಯನ್ನು ಕೊಯ್ಯಬೇಕಾಗಿತ್ತು. ಅದು ತೂಬನ್ನು ಬಿಡಿಸಲು ಏರಿಯನ್ನೇ ಒಡೆದಂತೆ. 1974ರಲ್ಲಿ ಜರ್ಮನಿ ಮತ್ತು ಜಪಾನುಗಳ ವೈದ್ಯರು ಬೇರೊಂದು ಮಾರ್ಗವನ್ನು ತೋರಿಸಿದರು. ಎಂಡೊಸ್ಕೋಪ್ ಎಂಬ ಬಾಗುವ ಕೊಳವೆಯನ್ನು ಬಾಯಿಯ ಮೂಲಕ ಕರುಳಿನವರೆಗೆ ಇಳಿಸಿ, ಕ್ಷ-ಕಿರಣದ ನೆರವಿನಿಂದ ನಾಳವನ್ನು ನೋಡಿ, ಅದರ ಬಾಯಿಯನ್ನು ಕಿಂಚಿತ್ ಕತ್ತರಿಸಿ, ಕಲ್ಲನ್ನು ಹೊರಗೆಳೆಯುವರು. ರೋಗಿ ಬಹಳ ನಿತ್ರಾಣನಾಗಿದ್ದರೆ ಸಣ್ಣ ನಳಿಕೆಯೊಂದನ್ನು ಇರಿಸಿ ರಸ ಹರಿಯುವಂತೆ ಮಾಡಿದರೂ ಸಾಕು; ಕಲ್ಲನ್ನು ಮುಂದೆ ತೆಗೆಯಬಹುದು.

ಹಾಂಗ್‌ಕಾಂಗಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕು ಉಲ್ಬಣಿಸಿದ್ದ 82 ರೋಗಿಗಳನ್ನು ಸಮನಾಗಿ ವಿಭಾಗಿಸಲಾಗಿತ್ತು. ಶಸ್ತ್ರಚಿಕಿತ್ಸೆ ಪಡೆದ 41 ಮಂದಿಯಲ್ಲಿ 13 ಜನ ಮಡಿದರು. ಎಂಡೊಸ್ಕೋಪ್ ಚಿಕಿತ್ಸೆ ಪಡೆದ 41 ಮಂದಿಯಲ್ಲಿ 4 ಜನ. ಈ ವಿಧಾನದಲ್ಲಿಯೂ ರಕ್ತಸ್ರಾವ, ಮೇದೋಜೀರಕ ಗ್ರಂಥಿಯ ಉರಿಯೂತ ಮೊದಲಾದ ತೊಡಕುಗಳುಂಟು. ಆದುದರಿಂದ ನುರಿತ ಕೈ ಅವಶ್ಯ.

ಕಣ್ಣು ಹಳದಿಯಾದೊಡನೆ ನಾಟಿ ಔಷಧ ಕೊಡಿಸಿ ದಿನಗಳನ್ನೆಣಿಸುವ ವಾಡಿಕೆ ನಮ್ಮಲ್ಲುಂಟು. ಆದರೆ ಎಲ್ಲ ಕಾಮಾಲೆಗಳೂ ಒಂದೇ ಅಲ್ಲ. ಕಾಮಾಲೆಯೊಡನೆ ಚಳಿಜ್ವರವೂ ನೋವೂ ಕೂಡಿದಾಗ ರೋಗಿಯನ್ನು ಅಂದೇ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಸೂಚಿಸಿದರೆ, ಈ ಸೌಕರ್ಯವುಳ್ಳ ದೊಡ್ಡ ಆಸ್ಪತ್ರೆಗೆ ತಡವಿಲ್ಲದೆ ಸಾಗಿಸಬೇಕು. ಇಲ್ಲಿ ಕಳೆದುಹೋದ ಒಂದು ದಿನ ಒಂದು ಜೀವದ ಬೆಲೆಯಾಗಬಹುದು.