ಬಿ.ಪಿ. ಇಳಿದಿಲ್ಲ, ಮಾತ್ರೆ ಮಾತ್ರ ಅದೇ

ಇವತ್ತು ಶಿಬಿರದಲ್ಲಿ ನಿಮ್ಮ ಬಿ.ಪಿ. ನೋಡಿ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದರಲ್ಲಿ 154/90 ಎಂದಿದ್ದರೆ ಹೆಚ್ಚಿನವರು ಹೇಳುವುದು ಒಂದೇ: "ನಾನು ಮಾತ್ರೆ ತಗೋತಾ ಇದೀನಲ್ಲ!" ಸರಿ. ಆ ಮಾತ್ರೆ ಶುರುವಾಗಿ ಎಷ್ಟು ವರ್ಷವಾಯಿತು? ಬಿ.ಪಿ. ಇಳಿಯದಿದ್ದರೂ ಅದೇ ಡೋಸ್ ನಡೆಯುತ್ತಿದೆಯೇ?

ಅಳತೆ ಹೆಚ್ಚಿದೆ ಎಂದು ಗೊತ್ತಿದ್ದೂ ಚಿಕಿತ್ಸೆ ಬದಲಿಸದೆ ದಿನ ತಳ್ಳುವುದು ಎಲ್ಲ ದೇಶದ ಡಾಕ್ಟರುಗಳಲ್ಲೂ ಇದೆ. ಅದಕ್ಕೆ 'ಕ್ಲಿನಿಕಲ್ ಇನರ್ಷಿಯಾ' ಎಂದು ಹೆಸರೇ ಇದೆ. "ಮೆಟ್ಟಿಲು ಹತ್ತಿ ಬಂದಿದ್ದೀರಿ, ಮುಂದಿನ ಸಲ ನೋಡೋಣ" ಎಂದು ಅವರು. "ಇನ್ನೊಂದು ಮಾತ್ರೆ ಬೇಡ ಡಾಕ್ಟ್ರೇ" ಎಂದು ನಾವು. ತಪ್ಪು ಅವರದೊಂದೇ ಅಲ್ಲ. ಅಷ್ಟರಲ್ಲಿ ನೋವೇ ಇಲ್ಲದೆ ಹೃದಯ, ಕಿಡ್ನಿ, ಮಿದುಳಿನ ರಕ್ತನಾಳಗಳು ಸವೆಯುತ್ತಿರುತ್ತವೆ.

ಆರು ತಿಂಗಳ ಮಾತ್ರೆ ಕಟ್ಟಿಕೊಂಡು ಅಮೆರಿಕಕ್ಕೆ ಬಂದ ಮೇಲಂತೂ ಕೇಳುವವರೇ ಇಲ್ಲ. ಇಲ್ಲಿನ ಮಾರ್ಗಸೂಚಿಯ ಗುರಿ ಸಾಮಾನ್ಯವಾಗಿ 130/80ಕ್ಕಿಂತ ಕಡಿಮೆ. ಔಷಧಿ ಬದಲಿಸಿದರೆ ಗುರಿ ಮುಟ್ಟುವವರೆಗೆ ತಿಂಗಳಿಗೊಮ್ಮೆ ನೋಡಬೇಕು. ಎರಡು ಮೂರು ಬಗೆಯ ಮಾತ್ರೆ ಬೇಕಾಗುವುದು ತೀರಾ ಸಾಮಾನ್ಯ, ಕಾಯಿಲೆ ಕೈಮೀರಿತೆಂದು ಅರ್ಥವಲ್ಲ. 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆ ಇಲ್ಲದವರ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸಲು ಸರಾಸರಿ ಸುಮಾರು ಮೂರು ಔಷಧಿ ಬೇಕಾದವು. 75 ದಾಟಿದವರಿಗೂ ಅದರಿಂದ ಲಾಭವಾಯಿತು.

ಒಂದು ದಿನದ ಅಳತೆ ನೋಡಿ ಡಾಕ್ಟರು ಅನುಮಾನಿಸುವುದು ಸಹಜ. ಹಾಗಾಗಿ ಪುರಾವೆ ನೀವೇ ಒಯ್ಯಿರಿ. ತೋಳಿಗೆ ಕಟ್ಟುವ ಮೆಷಿನ್ ಸಾಕು, ಮಣಿಕಟ್ಟಿನದು ಬೇಡ. ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕುಳಿತು ನೋಡಿ (ಸೀರಿಯಲ್ ಬೇಡ, ಮೊಮ್ಮಕ್ಕಳ ಗಲಾಟೆಯೂ ಬೇಡ). ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ರಾತ್ರಿ ಎರಡು ಸಲ, ಏಳು ದಿನ ಬರೆದಿಡಿ. ಆ ಹಾಳೆಯನ್ನು ಇಲ್ಲಿನ ಡಾಕ್ಟರಿಗೆ ತೋರಿಸಿ, ಊರಿನ ಡಾಕ್ಟರಿಗೂ ಮಗನೋ ಮಗಳೋ ಫೋಟೋ ಕಳಿಸಲಿ. ನೇರವಾಗಿ ಕೇಳಿ: "ನನ್ನ ಗುರಿ ಎಷ್ಟು? ಯಾವಾಗ ಬದಲಿಸುತ್ತೀರಿ?" ಅವರು ಬೇಸರಪಡುವುದಿಲ್ಲ.

ಮಂಡಿನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳೂ ಬಿ.ಪಿ. ಏರಿಸುತ್ತವೆ, ಮುಚ್ಚಿಡಬೇಡಿ. ಎದ್ದಾಗ ತಲೆ ತಿರುಗಿದರೆ, ಪಾದ ಊದಿದರೆ ಅದನ್ನೂ ಹೇಳಿ. ಬೇರೆ ಮಾತ್ರೆ ಇದೆ. ನೀವಾಗಿಯೇ ಹೆಚ್ಚಿಸುವುದು, ನಿಲ್ಲಿಸುವುದು ಬೇಡ. ಎದೆನೋವು, ಉಸಿರಾಟದ ತೊಂದರೆ, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಬಿ.ಪಿ. ಎಷ್ಟೇ ಇರಲಿ, ಕೂಡಲೇ 911ಕ್ಕೆ ಕರೆ ಮಾಡಿಸಿ. ಇನ್ಶೂರೆನ್ಸ್ ಲೆಕ್ಕ ಆಮೇಲೆ.