ಸೆಲ್ಫ್ ತಗೊಳ್ಳದ ಗಾಡಿ, ಹದಿನೆಂಟು ಸಾವಿರದ ಹಾಳೆ

ಗ್ಯಾರೇಜಿನವರು ಬರೆದುಕೊಟ್ಟ ಎಸ್ಟಿಮೇಟಿನಲ್ಲಿ ನಾಲ್ಕೇ ಸಾಲು. ಸೆಲ್ಫ್ ಮೋಟರ್ ಅಸೆಂಬ್ಲಿ 9,200. ಬ್ಯಾಟರಿ 5,600. ವೈರಿಂಗ್ ಚೆಕಪ್ 1,500. ಲೇಬರ್ 1,800. ಒಟ್ಟು 18,100 ರೂಪಾಯಿ, ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ ‘ಪ್ಲಸ್ ಜಿಎಸ್‌ಟಿ’. ಗಾಡಿ ಎಂಟು ವರ್ಷ ಹಳೆಯದು, ಪೆಟ್ರೋಲಿನದು. ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ದಪ್ಪ ಸದ್ದು ಬಂದು ನಿಂತುಬಿಡುತ್ತಿತ್ತು. ಅದರ ತೊಂದರೆ ಅಷ್ಟೇ.

ಇಂಥ ಹಾಳೆ ಕೈಗೆ ಬಂದ ಕೂಡಲೇ ಚೌಕಾಸಿಗೆ ಇಳಿಯುವುದು ನಮ್ಮ ಅಭ್ಯಾಸ. ಸಾವಿರ ಬಿಡಿ ಅಂದರೆ ಐನೂರು ಬಿಡುತ್ತಾರೆ, ಗೆದ್ದ ಖುಷಿಯಲ್ಲಿ ಒಪ್ಪಿಕೊಳ್ಳುತ್ತೇವೆ. ಆದರೆ ಗಾಡಿಗೆ ಸೆಲ್ಫ್ ಮೋಟರೇ ಬೇಕಿಲ್ಲದಿದ್ದರೆ, ಐನೂರು ಕಡಿಮೆಗೆ ಹಾಕಿಸಿಕೊಂಡವರಿಗೂ 8,700 ದಂಡ. ಹಾಗಾಗಿ ಬೆಲೆಯ ಮಾತು ಎತ್ತದೆ ಬೇರೆ ಪ್ರಶ್ನೆ ಕೇಳಿದೆ: “ಯಾವುದನ್ನ ಅಳೆದು ನೋಡಿ ಸೆಲ್ಫ್ ಹೋಗಿದೆ ಅಂದ್ರಿ?”

“ಅಳೆಯೋದೇನು ಮೇಡಂ, ಇಪ್ಪತ್ತು ವರ್ಷದ ಅನುಭವ. ಸದ್ದು ಕೇಳಿದ್ರೇ ಗೊತ್ತಾಗುತ್ತೆ.” ಒಂದು ಕ್ಷಣ ತಡೆದು, “ಬೇಕಿದ್ರೆ ಸಾರ್ ಹತ್ರ ಮಾತಾಡ್ತೀನಿ, ನಂಬರ್ ಕೊಡಿ” ಅಂದರು. ನಮ್ಮ ಮನೆಯ ಸಾರ್‌ಗೆ ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಅನ್ನುವುದೂ ಗೊತ್ತಿಲ್ಲ, ಅದು ಬೇರೆ ಮಾತು.

ಸದ್ದಿನಿಂದ ಬಹಳಷ್ಟು ತಿಳಿಯುತ್ತದೆ ಅನ್ನುವುದು ಸುಳ್ಳಲ್ಲ. ‘ಟಕಟಕಟಕ’ ಅಂತ ಬೇಗಬೇಗ ಬಡಿದುಕೊಂಡು ಡ್ಯಾಶ್‌ಬೋರ್ಡಿನ ದೀಪ ಮಂಕಾದರೆ ಸಾಮಾನ್ಯವಾಗಿ ಬ್ಯಾಟರಿ ಡೌನ್ ಆಗಿರುತ್ತದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿರುತ್ತದೆ. ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಬ್ಯಾಟರಿ, ಸೆಲ್ಫ್ ಎರಡನ್ನೂ ಬಿಟ್ಟು ಪೆಟ್ರೋಲ್ ಪಂಪು, ಸ್ಪಾರ್ಕು, ಸೆನ್ಸರು, ಇಮ್ಮೊಬಿಲೈಸರ್ ಕಡೆ ನೋಡಬೇಕು. ಅಂಥ ಗಾಡಿಗೆ ಯಾರಾದರೂ ಹೊಸ ಬ್ಯಾಟರಿ ಹೇಳಿದರೆ ಅಲ್ಲಿಂದ ಎದ್ದು ಬರಬಹುದು. ಸದ್ದೇ ಇಲ್ಲದಿದ್ದರೆ ಮೊದಲು ಕ್ಲಚ್ಚನ್ನು ಪೂರ್ತಿ ಒತ್ತಿ ನೋಡಿ. ಆಟೋಮ್ಯಾಟಿಕ್ ಆದರೆ ಪಾರ್ಕ್ ಬಿಟ್ಟು ನ್ಯೂಟ್ರಲ್‌ನಲ್ಲಿ ಪ್ರಯತ್ನಿಸಿ. ಒಂದು ಸ್ವಿಚ್ಚಿನ ತೊಂದರೆಗೆ ಟೋಯಿಂಗ್ ಗಾಡಿ ಕರೆಸಿದವರನ್ನು ನಮ್ಮ ಬೇಸ್‌ಮೆಂಟಿನಲ್ಲೇ ಕಂಡಿದ್ದೇನೆ.

ನನ್ನದು ಒಂಟಿ ‘ಟಕ್’. ಜೊತೆಗೆ ಗ್ಯಾರೇಜಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯಿತ್ತು. ಹೆಡ್‌ಲೈಟ್ ಹಾಕಿಕೊಂಡೇ ಕೀ ತಿರುಗಿಸಿದೆ, ಬೆಳಕು ಒಂದಿಷ್ಟೂ ಮಂಕಾಗಲಿಲ್ಲ. ಸೆಲ್ಫ್ ಮೋಟರ್ ಎಂಜಿನ್ನನ್ನು ತಿರುಗಿಸುವಾಗ ನೂರು ಆಂಪಿಯರ್ ದಾಟಿ ಕರೆಂಟ್ ಎಳೆಯುತ್ತದೆ. ಅಷ್ಟು ಎಳೆದರೆ ಲೈಟು ಕುಗ್ಗಲೇಬೇಕು. ಕುಗ್ಗಲಿಲ್ಲ ಅಂದರೆ ಮೋಟರಿನಲ್ಲಿ ಕರೆಂಟ್ ಹರಿಯುತ್ತಲೇ ಇಲ್ಲ. ದಾರಿ ಕಡಿದಿರುವುದು ಮೋಟರಿನ ಒಳಗೂ ಇರಬಹುದು: ಕಾರ್ಬನ್ ಬ್ರಷ್ ಸವೆದಿರಬಹುದು, ಸೊಲಿನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಹೊರಗೂ ಇರಬಹುದು: ಟರ್ಮಿನಲ್ಲು, ಕೇಬಲ್ಲು, ಅರ್ಥ್ ವೈರು. ಗ್ಯಾರೇಜಿನ ಹಾಳೆ ಒಳಗಿನದನ್ನು ಮಾತ್ರ ನಂಬಿತ್ತು.

ಬ್ಯಾಟರಿಯ ವಿಷಯಕ್ಕೆ ಮನೆಯಲ್ಲಿದ್ದ ಮಲ್ಟಿಮೀಟರ್ ಸಾಕಾಯಿತು. ಸಾಧಾರಣದ್ದು ಐನೂರು ರೂಪಾಯಿಗೆಲ್ಲ ಸಿಗುತ್ತದೆ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಏನನ್ನೂ ಆನ್ ಮಾಡುವ ಮುನ್ನ ಅಳೆದರೆ ಪೂರ್ತಿ ಚಾರ್ಜ್ ಇರುವ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಾದರೆ ಚಾರ್ಜಿಗೆ ಹಾಕಬೇಕು, ಆಗಲೂ ಕೊಳ್ಳಬೇಕೆಂದಿಲ್ಲ. ಎಂಜಿನ್ ಓಡುವಾಗ 13.8ರಿಂದ 14.5 ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ ಎಂದರ್ಥ. ಅಲ್ಲಿ 12 ಚಿಲ್ಲರೆಯೇ ಕಂಡರೆ ಹೊಸ ಬ್ಯಾಟರಿ ಹಾಕಿಸಿದರೂ ಅದು ಮತ್ತೆ ಡೌನ್ ಆಗುತ್ತದೆ. ನನ್ನ ಬ್ಯಾಟರಿ 12.5 ತೋರಿಸಿತು. ಒಂಟಿ ‘ಟಕ್’ಗೆ ಕಾರಣ ಅದಲ್ಲ.

ಗಾಡಿ ಇನ್ನೂ ಮನೆಯಲ್ಲೇ ಇತ್ತು ಅನ್ನುವುದು ದೊಡ್ಡ ಅನುಕೂಲ. ಟೋ ಮಾಡಿಸಿ ಗ್ಯಾರೇಜಿಗೆ ಸೇರಿಸಿದ ಮೇಲೆ ಎರಡನೇ ಅಭಿಪ್ರಾಯ ಕೇಳುವ ಧೈರ್ಯ ಬಹಳ ಜನಕ್ಕೆ ಉಳಿಯುವುದಿಲ್ಲ. ವಾಪಸ್ ತರಲು ಮತ್ತೆ ಟೋಯಿಂಗ್ ಖರ್ಚು ಬೇರೆ. ಗಾಡಿ ಇದ್ದಲ್ಲಿಗೇ ಬರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಬಾನೆಟ್ ತೆಗೆಯುವ ಮುಂಚೆಯೇ ಕೇಳಿದೆ: “ರಿಪೇರಿ ಆಮೇಲೆ ನೋಡೋಣ. ತೊಂದರೆ ಏನು ಅಂತ ಹೇಳೋದಕ್ಕೆ ಎಷ್ಟು ತಗೋತೀರಿ?”

ಅವರಿಗೆ ನಗು ಬಂತು. “ಅದಕ್ಕೆ ಯಾರೂ ಕೊಡಲ್ಲ ಮೇಡಂ. ನೀವಾಗೇ ಕೇಳ್ತಿದೀರ, ನಾನೂರು ಕೊಡಿ.”

ಹಣದ ದೃಷ್ಟಿಯಿಂದ ಇಡೀ ಪ್ರಕರಣ ನಿಂತಿರುವುದು ಆ ನಗುವಿನ ಮೇಲೆ. ಡಾಕ್ಟರ ಹತ್ತಿರ ಹೋದರೆ ನೋಡಿದ್ದಕ್ಕೆ ಫೀಸು ಕೊಡುತ್ತೇವೆ, ಮಾತ್ರೆಗೆ ಬೇರೆ ಕೊಡುತ್ತೇವೆ. ಮೆಕ್ಯಾನಿಕ್ ಒಂದು ಗಂಟೆ ಹುಡುಕಿ ಸಡಿಲವಾದ ಒಂದು ವೈರನ್ನು ಬಿಗಿ ಮಾಡಿದರೆ ‘ಇಷ್ಟಕ್ಕೆ ಐನೂರಾ?’ ಅನ್ನುತ್ತೇವೆ. ಅದೇ ಮನುಷ್ಯ ಹುಡುಕುವ ಗೋಜಿಗೇ ಹೋಗದೆ ಒಂಬತ್ತು ಸಾವಿರದ ಪಾರ್ಟ್ ಬದಲಿಸಿದರೆ, ಪೆಟ್ಟಿಗೆ ಕಣ್ಣಿಗೆ ಕಾಣುತ್ತದಲ್ಲ, ಸುಮ್ಮನೆ ಕೊಡುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿಯಿಲ್ಲ, ಬದಲಿಸುವ ಕೆಲಸಕ್ಕೆ ಕೂಲಿಯ ಮೇಲೆ ಕಮಿಷನ್ನೂ ಇದೆ. ಹೀಗಿದ್ದ ಮೇಲೆ ಗ್ಯಾರೇಜಿನವರು ಏನನ್ನು ಹೆಚ್ಚು ಮಾಡಿಯಾರು? ಅವರನ್ನು ಮೋಸಗಾರರು ಎನ್ನುವುದಕ್ಕೆ ನನಗೆ ಮನಸ್ಸಿಲ್ಲ. ನಾವು ಯಾವುದಕ್ಕೆ ದುಡ್ಡು ಕೊಡುತ್ತೇವೋ ಅದನ್ನೇ ಅವರು ಮಾರುತ್ತಿದ್ದಾರೆ.

ನಾನೂರು ಕೊಡುವುದು ಲಾಭವೋ ನಷ್ಟವೋ ಅನ್ನುವುದಕ್ಕೆ ಸರಳ ಲೆಕ್ಕವಿದೆ. ಗ್ಯಾರೇಜಿನವರ ಊಹೆ ನೂರಕ್ಕೆ ತೊಂಬತ್ತೈದು ಸಲ ಸರಿ ಎಂದೇ ಇಟ್ಟುಕೊಳ್ಳಿ. ಉಳಿದ ಐದು ಸಲ 9,200 ವ್ಯರ್ಥವಾಗುತ್ತದೆ. ಸರಾಸರಿ ತೆಗೆದರೆ ಪ್ರತಿ ರಿಪೇರಿಗೆ 460 ರೂಪಾಯಿ ನಷ್ಟ. ಅಂದರೆ ಅಷ್ಟೊಂದು ಪಳಗಿದ ಮೆಕ್ಯಾನಿಕ್ ಮಾತನ್ನು ಪರೀಕ್ಷಿಸುವುದಕ್ಕೂ ನಾನೂರು ಕೊಡಬಹುದು. ಪಾರ್ಟ್ ದುಬಾರಿಯಾದಷ್ಟೂ ಪರೀಕ್ಷೆಗೆ ಕೊಡಬಹುದಾದ ಮೊತ್ತವೂ ಏರುತ್ತದೆ. ಎರಡು ಸಾವಿರದ ಪಾರ್ಟಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಎಲೆಕ್ಟ್ರಿಷಿಯನ್ ಮಾಡಿದ ಪರೀಕ್ಷೆ ಎರಡು ನಿಮಿಷದ್ದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇಟ್ಟು, ನ್ಯೂಟ್ರಲ್ ಮಾಡಿ ಕೀ ತಿರುಗಿಸಿ ಅಂದರು. ಎರಡೂ ಒಂದೇ ದಪ್ಪ ವೈರಿನಿಂದ ಕೂಡಿಕೊಂಡಿರುವ ಜಾಗಗಳು. ಮೀಟರಿನಲ್ಲಿ ಅರ್ಧ ವೋಲ್ಟೂ ಬರಬಾರದು. ಆರು ದಾಟಿತು. ಬಳಿಕ ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿಗೆ ಕಚ್ಚಿಸಿ ಮತ್ತೆ ತಿರುಗಿಸಿದರೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್! ‘ಸತ್ತುಹೋಗಿದ್ದ’ ಸೆಲ್ಫ್ ಮೋಟರ್ ಎಂಟು ವರ್ಷದಿಂದ ತಿರುಗಿಸಿದ ಹಾಗೆಯೇ ತಿರುಗಿಸಿತು.

ನನ್ನ ಗಾಡಿಯಲ್ಲಿ ಬ್ಯಾಟರಿಯ ಮೈನಸ್‌ನಿಂದ ಒಂದು ವೈರು ಬಾಡಿಗೆ ಹೋಗುತ್ತದೆ, ಇನ್ನೊಂದು ಎಂಜಿನ್ನಿಗೆ ಅಂಟಿಕೊಂಡಿರುವ ಗೇರ್‌ಬಾಕ್ಸಿಗೆ. ದೀಪಗಳಿಗೆ ಬಾಡಿಯ ಅರ್ಥ್ ಸಾಕು, ಅದಕ್ಕೇ ಅವು ಉರಿಯುತ್ತಲೇ ಇದ್ದವು. ಮೋಟರಿಗೆ ಗೇರ್‌ಬಾಕ್ಸಿನದೇ ಬೇಕು. ಅದರ ಬೋಲ್ಟಿನಡಿ ಹಸಿರುಬಿಳಿ ಪುಡಿ ಕಟ್ಟಿ, ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ಹೊಸ ವೈರು 350, ಕೂರಿಸಿದ್ದಕ್ಕೆ 300, ನೋಡಿದ್ದಕ್ಕೆ ಒಪ್ಪಿಕೊಂಡಿದ್ದ 400. ಒಟ್ಟು 1,050.

ಆಮೇಲೆ ಯೋಚಿಸಿದಾಗ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು: ಗ್ಯಾರೇಜಿನವರು ಹೇಳಿದಂತೆ ಕೇಳಿದ್ದರೂ ಗಾಡಿ ಸ್ಟಾರ್ಟ್ ಆಗಿರುತ್ತಿತ್ತೇನೋ. ಸೆಲ್ಫ್ ಮೋಟರ್ ಬಿಚ್ಚುವಾಗ ಮೊದಲು ಬ್ಯಾಟರಿ ಕಳಚುತ್ತಾರೆ, ಗೇರ್‌ಬಾಕ್ಸಿನ ಸುತ್ತಮುತ್ತಲ ಬೋಲ್ಟ್‌ಗಳನ್ನು ಅಲ್ಲಾಡಿಸುತ್ತಾರೆ, ಉಜ್ಜಿ ಮತ್ತೆ ಬಿಗಿ ಮಾಡುತ್ತಾರೆ. ವೈರಿನಲ್ಲಿ ಉಳಿದ ನಾಲ್ಕೆಳೆ ಸ್ವಲ್ಪ ದಿನಕ್ಕೆ ಸಾಕು. ಕೀರ್ತಿ ಹೊಸ ಮೋಟರಿಗೆ ಹೋಗುತ್ತಿತ್ತು. ‘ಒಂಟಿ ಟಕ್ ಅಂದರೆ ಸೆಲ್ಫ್’ ಎನ್ನುವ ಇಪ್ಪತ್ತು ವರ್ಷದ ಅನುಭವಕ್ಕೆ ಇನ್ನೊಂದು ಸಾಕ್ಷಿ ಸೇರುತ್ತಿತ್ತು. ಪ್ರಾಮಾಣಿಕ ಮೆಕ್ಯಾನಿಕ್ ಕೂಡ ಹೀಗೆ ತಪ್ಪು ಪಾಠ ಕಲಿಯುತ್ತಾ ಹೋಗಬಹುದು, ತಿದ್ದುವವರು ಯಾರೂ ಇರುವುದಿಲ್ಲ.

ಸೆಲ್ಫ್ ನಿಜಕ್ಕೂ ಹೋಗಿದ್ದರೂ 9,200 ಒಂದೇ ದಾರಿಯಲ್ಲ. ಮೋಟರ್ ಬಿಚ್ಚಿ ಬ್ರಷ್, ಬುಷ್ ಬದಲಿಸುವುದು, ಸೊಲಿನಾಯ್ಡ್ ಮಾತ್ರ ಹೊಸದು ಹಾಕುವುದು, ರೀಕಂಡೀಷನ್ ಮಾಡಿದ್ದನ್ನು ಹಳೆಯದಕ್ಕೆ ಬದಲಾಗಿ ತರುವುದು, ಕೊನೆಗೆ ಹೊಸ ಅಸೆಂಬ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆ ಓಡಾಡಿದರೆ ಇಷ್ಟಕ್ಕೂ ಬೆಲೆ ಸಿಗುತ್ತದೆ. ಬ್ರಷ್ ಕೆಲಸಕ್ಕೆ ನನಗೆ ಅಂದು ಹೇಳಿದ್ದು ಎರಡು ಸಾವಿರದೊಳಗೆ. ‘ಅಸೆಂಬ್ಲಿ’ ಎಂದು ಬರೆದಿರುವ ಯಾವ ಸಾಲಿನ ಮುಂದೆಯೂ ಒಳಗಿನ ಯಾವ ಭಾಗ ಕೆಟ್ಟಿದೆ ಎಂದು ಕೇಳುವ ಹಕ್ಕು ನಮಗಿದೆ. ಬದಲಿಸಿದರೆ ಹಳೆಯದನ್ನು ಕೈಗೆ ಕೊಡಿ ಅಂತಲೂ ಕೇಳಿ, ಅದೂ ಕೆಲಸ ಶುರುವಾಗುವ ಮುಂಚೆ.

ಇನ್ನು ಆ ‘ಪ್ಲಸ್ ಜಿಎಸ್‌ಟಿ’. ಹಾಳೆಯಲ್ಲಿ ಎಲ್ಲೂ ಜಿಎಸ್‌ಟಿ ನಂಬರ್ ಇರಲಿಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಇದ್ದರೂ, ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಹಾಕಿದರೆ ಎರಡು ಸಲ ಕೊಟ್ಟಂತೆ. ಕೇಳಿದಾಗ ಮೋಟರು, ಬ್ಯಾಟರಿ ಎರಡೂ ಎಂಆರ್‌ಪಿ ದರ ಎಂದೇ ಹೇಳಿದ್ದರು. ಆ 14,800ರ ಮೇಲೆ ನೂರಕ್ಕೆ 18 ಹಾಕಿದ್ದರೆ 2,664 ರೂಪಾಯಿ ಸುಮ್ಮನೆ ಹೋಗುತ್ತಿತ್ತು. ತೆರಿಗೆ ಬೇರೆಯಾಗಿ ಬರಬಹುದಾದದ್ದು ಕೂಲಿಯ ಮೇಲೆ ಮಾತ್ರ. ಅಂದಹಾಗೆ, ವಾಹನದ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಬಂದಿದೆ, ಬ್ಯಾಟರಿಯದೂ ಅಷ್ಟೇ. ಶೇ 28ರ ಮಾತಾಡುವವರು ಹಳೆಯ ದರ ಹೇಳುತ್ತಿದ್ದಾರೆ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದರೆ ಈ ರಗಳೆಯೇ ಇಲ್ಲ ಎನ್ನುವವರಿದ್ದಾರೆ. ಬಿಲ್ಲು ಅಚ್ಚುಕಟ್ಟಾಗಿರುತ್ತದೆ, ನಿಜ. ಆದರೆ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು; ಕಂಪನಿಗಳು ಮೇಲ್ಮನವಿ ಹೋದವು. ವಾರಂಟಿ ಇರುವವರೆಗೆ ಅಲ್ಲಿಗೇ ಹೋಗಿ. ಮುಗಿದ ಮೇಲೆ ಅಲ್ಲಿಯೂ ‘ಯಾವುದನ್ನ ಅಳೆದು ನೋಡಿದ್ರಿ’ ಎಂಬ ಅದೇ ಪ್ರಶ್ನೆ ಕೇಳಬೇಕು. ವಿಮೆಯ ಭರವಸೆ ಬೇಡ. ಯಾಂತ್ರಿಕ, ವಿದ್ಯುತ್ ದೋಷಗಳನ್ನು ಸಾಮಾನ್ಯ ವಾಹನ ಪಾಲಿಸಿ ಹೊರಗಿಟ್ಟಿದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಆಡ್‌ಆನ್ ತೆಗೆದುಕೊಂಡಿದ್ದರೆ ಜಂಪ್ ಸ್ಟಾರ್ಟ್ ಅದರಲ್ಲಿ ಇದೆಯೇ ನೋಡಿ, ಎಷ್ಟೋ ಜನ ಅದನ್ನು ಬಳಸದೆಯೇ ರಿನ್ಯೂ ಮಾಡುತ್ತಿರುತ್ತಾರೆ.

ಜಗಳಕ್ಕೆ ತಿರುಗಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಬಿಲ್ಲಿಲ್ಲದೆ ಕ್ಯಾಶ್ ಕೊಟ್ಟು ಇನ್ನೂರು ಉಳಿಸಿದವರಿಗೆ ಅಲ್ಲಿ ತೋರಿಸಲು ಏನೂ ಇರುವುದಿಲ್ಲ.

ಗ್ಯಾರೇಜಿನ ಹಾಳೆಯಲ್ಲಿದ್ದ ಬ್ಯಾಟರಿಯ ಸಾಲು ಪೂರ್ತಿ ಸುಳ್ಳಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ನಾಲ್ಕು ವರ್ಷ ಸವೆದಿತ್ತು. ಮುಂದಿನ ಚಳಿಗಾಲಕ್ಕೆ ಬೆಳಿಗ್ಗೆ ಎಂಜಿನ್ ನಿಧಾನವಾಗಿ ತಿರುಗತೊಡಗಿತು. ಕ್ರ್ಯಾಂಕ್ ಮಾಡುವಾಗ ವೋಲ್ಟೇಜು 9.6ಕ್ಕಿಂತ ಕೆಳಗೆ ಬೀಳುತ್ತಿತ್ತು. ಆಗ ಬದಲಿಸಿದೆ, ಬ್ಯಾಟರಿ ಅಂಗಡಿಯಲ್ಲಿ. ಹಳೆಯದರೊಳಗಿನ ಸೀಸಕ್ಕೆ ಬೆಲೆಯಿದೆ, ಹಾಗಾಗಿ ಅದನ್ನು ವಾಪಸ್ ಕೊಟ್ಟು 4,700 ಬಿತ್ತು. ಗ್ಯಾರೇಜಿನ 5,600ರಲ್ಲಿ ಹಳೆಯ ಬ್ಯಾಟರಿಯ ಪ್ರಸ್ತಾಪವೇ ಇರಲಿಲ್ಲ. ತಯಾರಾದ ತಿಂಗಳು ನೋಡಿ, ಕಪಾಟಿನಲ್ಲಿ ಬಹಳ ದಿನ ಕೂತಿದ್ದನ್ನು ಬೇಡ ಅಂದು ಬೇರೆ ತೆಗೆಸಿಕೊಂಡೆ. ವಾರಂಟಿಯ ಮೊದಲರ್ಧದಲ್ಲಿ ಕೆಟ್ಟರೆ ಪೂರ್ತಿ ಹೊಸದು, ನಂತರ ಕೆಟ್ಟರೆ ಬೆಲೆಯಲ್ಲಿ ರಿಯಾಯಿತಿ ಮಾತ್ರ. ವಾರಂಟಿ ಕಾರ್ಡಿಗೆ ಸೀಲು, ತಾರೀಖು ಎರಡೂ ಬೀಳುವವರೆಗೆ ಅಂಗಡಿಯ ಹುಡುಗನನ್ನು ಕದಲಲು ಬಿಡಲಿಲ್ಲ.